ಮಂಗಳನ ಮುನ್ನೂರನೇ ಸಂಜೆ

"ಅಲ್ಲೇ ನಿಲ್ಲಿ! ಒಂದು ಹೆಜ್ಜೆನೂ ಮುಂದೆ ಇಡಬೇಡಿ!"

ಗದರಿದ ದನಿಗೆ ಸುಪ್ರಿಯಾ ನಿಂತಲ್ಲೇ ನಿಂತಳು.

ಭದ್ರಾವತಿಯ ಜನ್ನಾಪುರದ ಆಚೆ ಒಂದು ಖಾಲಿ ಸೈಟು. ನೆಲದುದ್ದಕ್ಕೂ ಹಳದಿ ವೈರು ಹಾಸಿತ್ತು. ವೈರಿಗೆ ಸಿಕ್ಕಿಸಿದ ಪುಟ್ಟ ಡಬ್ಬಿಗಳನ್ನು ಅಲ್ಲಲ್ಲಿ ನೆಲಕ್ಕೆ ಚುಚ್ಚಿದ್ದರು. ಆ ತುದಿಯಲ್ಲಿ ಒಂದು ಕಬ್ಬಿಣದ ತಟ್ಟೆ, ಅದರ ಮುಂದೆ ದೊಡ್ಡ ಸುತ್ತಿಗೆ ಎತ್ತಿ ನಿಂತ ಒಬ್ಬ ಗಂಡಸು. ಅವನ ಬೆನ್ನು ಇವಳ ಕಡೆಗಿತ್ತು.

ಆ ಬೆನ್ನನ್ನು ಅವಳು ಮರೆತಿರಲಿಲ್ಲ. ಮರೆಯಲು ನಾಲ್ಕು ವರ್ಷ ಪ್ರಯತ್ನಪಟ್ಟಿದ್ದಳು, ಅಷ್ಟೇ.

ಧಣ್! ಸುತ್ತಿಗೆ ತಟ್ಟೆಗೆ ಬಿತ್ತು. ಅವನು ಪಕ್ಕದ ಸ್ಟೂಲಿನ ಮೇಲಿದ್ದ ಪರದೆ ನೋಡಿ ಗೊಣಗಿದ.

"ಯಾರ್ರೀ ಅದು? ನಿಮ್ಮ ಚಪ್ಪಲಿ ಸದ್ದೂ ಇದ್ರಲ್ಲಿ ಬಂದುಬಿಡುತ್ತೆ. ಒಂದ್ನಿಮಿಷ ಸುಮ್ನೆ ನಿಂತ್ಕೊಳ್ಳೋಕೆ ಏನ್ ಕಷ್ಟ..."

ಎನ್ನುತ್ತಾ ತಿರುಗಿದ. ಕೈಯಲ್ಲಿದ್ದ ಸುತ್ತಿಗೆ ಜಾರಿ ನೆಲಕ್ಕೆ ಬಿತ್ತು. ಅದೂ ಪರದೆಯ ಮೇಲೆ ದಾಖಲಾಯಿತು.

"ಸುಪ್ರಿಯಾ...?"

"ಯಾಕೆ ಸುಳ್ಳು ಹೇಳಿದ್ರಿ?"

ಹೇಗಿದ್ದೀರಿ ಇಲ್ಲ, ಏನಿಲ್ಲ. ನೇರವಾಗಿ ಇದೇ ಪ್ರಶ್ನೆ! ಶಿವಮೊಗ್ಗದಿಂದ ಬಸ್ಸಿನಲ್ಲಿ ಬರುವಾಗ ದಾರಿಯುದ್ದಕ್ಕೂ ಬಾಯೊಳಗೇ ಹೇಳಿಕೊಂಡು ಬಂದಿದ್ದ ಪ್ರಶ್ನೆ. ಹಿಂದೆಲ್ಲ "ನೀನೊಬ್ಬ ಮಾರಾಯ" ಎಂದು ಛೇಡಿಸುತ್ತಿದ್ದ ಅದೇ ಬಾಯಿ ಇವತ್ತು ಬಹುವಚನದಲ್ಲಿ ಮಾತಾಡುತ್ತಿತ್ತು. ಯುವರಾಜನಿಗೆ ಪ್ರಶ್ನೆಗಿಂತ ಆ ಬಹುವಚನವೇ ಹೆಚ್ಚು ಚುಚ್ಚಿತು.

ಸೈಟಿನ ಮಾಲೀಕ ಶಿವಯೋಗಪ್ಪ ಬೇಲಿಯ ಪಕ್ಕ ಕೊಡೆ ಹಿಡಿದು ನಿಂತಿದ್ದರು. ಬೋರ್‌ವೆಲ್ ಎಲ್ಲಿ ಕೊರೆಸಬೇಕೆಂದು ತಿಳಿಯಲು ಅವರು ಯುವರಾಜನನ್ನು ಕರೆಸಿದ್ದು. ಆದರೆ ನೆಲಕ್ಕೆ ಸುತ್ತಿಗೆಯಲ್ಲಿ ಬಡಿದು ನೀರು ಹುಡುಕುವ ಈ ವಿದ್ಯೆಯ ಮೇಲೆ ಅವರಿಗೆ ಇನ್ನೂ ನಂಬಿಕೆ ಬಂದಿರಲಿಲ್ಲ.

"ಈ ಮೇಡಮ್ಮೂ ಪಾಯಿಂಟ್ ನೋಡೋರಾ? ತೆಂಗಿನಕಾಯಿ ತಂದಿದೀರೇನಮ್ಮ?"

ಬೇರೆ ದಿನವಾಗಿದ್ದರೆ ಸುಪ್ರಿಯಾ ನಗುತ್ತಿದ್ದಳು.

"ನಾನು ಯಾವತ್ತೂ ನಿನಗೆ ಸುಳ್ಳು ಹೇಳಿಲ್ಲ," ಎಂದ ಯುವರಾಜ ಮೆಲ್ಲಗೆ.

"ಮುನ್ನೂರನೇ ದಿನ... ನೆನಪಿದೆಯಾ?"

ಅವನ ಮುಖದ ಬಣ್ಣ ಇಳಿದುಹೋಯಿತು.

ಮುನ್ನೂರು! ಆ ಒಂದು ಸಂಖ್ಯೆಯಿಂದ ಇವರಿಬ್ಬರ ಮದುವೆ ಮುರಿದುಬಿದ್ದಿತ್ತು ಎಂದರೆ ಯಾರಾದರೂ ನಂಬುತ್ತಾರೆಯೇ? ಕೇಳಿ.

ಸುಪ್ರಿಯಾ ಶಿವಮೊಗ್ಗದ ಕೋಟೆಯಲ್ಲಿ ಪಾತ್ರೆ ಅಂಗಡಿ ಇಟ್ಟಿರುವ ಲಿಂಗಪ್ಪನವರ ಒಬ್ಬಳೇ ಮಗಳು. ಗಿರಾಕಿ ಯಾವ ಕೊಡ ಕೈಗೆತ್ತಿಕೊಂಡರೂ ಲಿಂಗಪ್ಪ ಬೆರಳ ಗೆಣ್ಣಿನಿಂದ ಒಮ್ಮೆ ಬಡಿದು ಸದ್ದು ಕೇಳಿಸುತ್ತಿದ್ದರು. "ಒಳಗೆ ಏನಿದೆ ಅಂತ ಒಡೆದು ನೋಡೋಕಾಗುತ್ತೇನಮ್ಮ? ಬಡಿದು ನೋಡ್ಬೇಕು." ಇದು ಅವರ ಖಾಯಂ ಮಾತು. ಮುಂದೆ ಎಂ.ಎಸ್ಸಿ. ಓದುವಾಗ, ಗ್ರಹಗಳ ಒಳಗನ್ನೂ ಹೀಗೇ ತಿಳಿಯುತ್ತಾರೆ ಎಂದು ಮೇಷ್ಟ್ರು ಹೇಳಿದಾಗ ಅವಳಿಗೆ ಅಪ್ಪನ ಬೆರಳು ನೆನಪಾಗಿತ್ತು. ಅದೇ ಮೋಹದಲ್ಲಿ ಸಂಶೋಧನೆಗೆ ಸೇರಿದಳು.

ಮಂಗಳ ಗ್ರಹದ ಮೇಲೆ ಇಳಿದಿದ್ದ ಯಂತ್ರವೊಂದು ಅಲ್ಲಿನ ನೆಲಕ್ಕೆ ಕಿವಿಗೊಟ್ಟು ಕೂತಿತ್ತು. ಹಗಲೆಲ್ಲ ಅಲ್ಲಿ ಗಾಳಿಯ ಗಲಾಟೆ. ಸಂಜೆಯಾದರೆ ಗಾಳಿ ಬೀಳುತ್ತದೆ. ಆ ನಿಶ್ಶಬ್ದದಲ್ಲಿ ಎಲ್ಲೋ ದೂರ ನೆಲ ನಡುಗಿದರೂ ಯಂತ್ರಕ್ಕೆ ಗೊತ್ತಾಗುತ್ತದೆ. ನಡುಕದಿಂದ ಹೊರಟ ಅಲೆಗಳಲ್ಲಿ ಒಂದು ಬಗೆಯ ಅಲೆಗೆ ದ್ರವದೊಳಗೆ ಸಾಗಲು ಬರುವುದಿಲ್ಲ. ಅದು ಗ್ರಹದ ನಡುವಿನ ಕರಗಿದ ಕಬ್ಬಿಣದ ಗರ್ಭಕ್ಕೆ ತಾಗಿ ಹಿಂದಕ್ಕೆ ಬರುತ್ತದೆ. ಆ ಮರುದನಿ ಬರಲು ಎಷ್ಟು ಹೊತ್ತಾಯಿತೆಂದು ನೋಡಿದರೆ ಗರ್ಭ ಎಷ್ಟು ಆಳದಲ್ಲಿದೆ ಎಂದು ತಿಳಿಯುತ್ತದೆ. ಕೆಲಸ ಇಷ್ಟೇ. ಆದರೆ ಆ ಮರುದನಿ ಎಷ್ಟು ಸಣ್ಣದೆಂದರೆ, ಕಣ್ಣು ನೋಯುವಷ್ಟು ದಿನ ಪರದೆಯ ಗೀಟುಗಳನ್ನು ನೋಡಿದರೂ ಸಿಗದಿರಬಹುದು.

ಹಾಗೆ ಕಣ್ಣು ನೋಯಿಸಿಕೊಳ್ಳುತ್ತಿದ್ದ ಇನ್ನೊಬ್ಬ ಭದ್ರಾವತಿಯ ಯುವರಾಜ. ತಂದೆ ತಾಯಿ ಇಲ್ಲದ ಅವನನ್ನು ಸಾಕಿದ್ದು ಅಜ್ಜಿ ಹುಚ್ಚಮ್ಮ. ಪಕ್ಕಪಕ್ಕದ ಕುರ್ಚಿ, ಒಂದೇ ಫ್ಲಾಸ್ಕಿನ ಕಾಫಿ, ಒಂದೇ ಬಗೆಯ ಹುಚ್ಚು. ಪ್ರೀತಿಯಾಗದೆ ಇನ್ನೇನಾದೀತು? ಎರಡೂ ಮನೆಯವರು ಒಪ್ಪಿ ನಿಶ್ಚಿತಾರ್ಥವೂ ಆಯಿತು.

ಅವರ ಗೈಡು ವಾದಿರಾಜ ಸರ್ ಬಲು ಕಟ್ಟುನಿಟ್ಟಿನ ಮನುಷ್ಯ. ಅವರ ಲ್ಯಾಬಿನಲ್ಲಿ ಒಂದು ಪದ್ಧತಿಯಿತ್ತು. ವಿದ್ಯಾರ್ಥಿಗಳ ಕಣ್ಣು ಎಷ್ಟು ಚುರುಕು ಎಂದು ಪರೀಕ್ಷಿಸಲು, ನಿಜವಾದ ದಾಖಲೆಗಳ ಪ್ರತಿ ಮಾಡಿ, ಅದರಲ್ಲಿ ಒಂದು ಕೃತಕ ಕಂಪನವನ್ನು ಬೆರೆಸಿ ಕೊಡುತ್ತಿದ್ದರು. ಹುಡುಗರು ಅದಕ್ಕೆ ಇಟ್ಟ ಹೆಸರು 'ಕಳ್ಳ ಕಂಪನ'. ಬೆರೆಸುವ ಕೆಲಸ ಒಬ್ಬರದ್ದೇ. ಎಲ್ಲಿ ಬೆರೆಸಿದೆ ಎಂದು ಅವರು ಪರೀಕ್ಷೆ ಮುಗಿಯುವವರೆಗೆ ಯಾರಿಗೂ, ಗೈಡಿಗೂ ಸಹ, ಬಾಯಿಬಿಡುವಂತಿಲ್ಲ.

ಆ ವರ್ಷ ಬೆರೆಸುವ ಸರದಿ ಯುವರಾಜನದು.

ಅದೇ ವಾರ ಸುಪ್ರಿಯಾಳ ತಾಯಿ ಹಾಲಮ್ಮ ತೀರಿಕೊಂಡರು. ಅಡುಗೆಮನೆಯಲ್ಲಿ ಕುಸಿದವರು ಮತ್ತೆ ಏಳಲಿಲ್ಲ. ಅಳುವ ಮಗಳನ್ನು, ದಿಕ್ಕು ತೋಚದ ಲಿಂಗಪ್ಪನವರನ್ನು ಯುವರಾಜನೇ ಸಂಭಾಳಿಸಿದ. ಹನ್ನೊಂದನೇ ದಿನದ ಶಿವಗಣಾರಾಧನೆಗೆ ಕಾರ್ಡು ಪ್ರಿಂಟು ಮಾಡಿಸಲು ಓಡಿದವನೂ ಅವನೇ.

ದುಃಖ ಮುಗಿಯದಿದ್ದರೂ ಸುಪ್ರಿಯಾ ಲ್ಯಾಬಿಗೆ ಮರಳಿದಳು. ದಾಖಲೆಗಳಲ್ಲಿ ಮುನ್ನೂರನೇ ದಿನದಿಂದ ಮುಂದಿನದ್ದು ಅವಳ ಪಾಲು. ಅದಕ್ಕೆ ಹಿಂದಿನದ್ದೆಲ್ಲ ಯುವರಾಜನ ಪಾಲು; ಬೆರೆಸುವವನು ತಾನೇ ಆದ್ದರಿಂದ ಅವನು ಆ ಸಲ ಓದುವಂತಿರಲಿಲ್ಲ. ಸುಪ್ರಿಯಾ ಮುನ್ನೂರನೇ ದಿನದ ಸಂಜೆಯನ್ನು ತೆರೆದಳು. ಮೊದಲ ದಿನವೇ!

ಸಣ್ಣದೊಂದು ನಡುಕ. ಅದಾದ ಎಷ್ಟೋ ನಿಮಿಷದ ಮೇಲೆ, ಇದೆಯೋ ಇಲ್ಲವೋ ಎಂಬಂಥ ಒಂದು ಮರುದನಿ...

'ಅಮ್ಮಾ...' ಎಂದಿತು ಅವಳ ಮನಸ್ಸು. ಯಾಕೆಂದು ಅವಳಿಗೂ ಗೊತ್ತಿಲ್ಲ. ಸಿಕ್ಕ ಕಂಪನಕ್ಕೊಂದು ಅಡ್ಡಹೆಸರು ಇಡುವುದು ಲ್ಯಾಬಿನ ರೂಢಿ. ಅವಳು ಅದಕ್ಕೆ 'ಹಾಲಮ್ಮ' ಎಂದು ಹೆಸರಿಟ್ಟಳು. ಅದು ಕಳ್ಳ ಕಂಪನವೂ ಇರಬಹುದೆಂದು ಆ ಹೊತ್ತಿಗೆ ಅವಳಿಗೆ ಹೊಳೆಯಲೇ ಇಲ್ಲ.

ಅವತ್ತು ಸಂಜೆ ಕೋಟೆಯ ಹಿಂದೆ, ತುಂಗೆಯ ಮೆಟ್ಟಿಲ ಮೇಲೆ ಕೂತು ಯುವರಾಜನಿಗೆ ಎಲ್ಲವನ್ನೂ ಹೇಳಿದಳು. ಅಮ್ಮ ಹೋದ ಮೇಲೆ ಮೊದಲ ಸಲ ನಕ್ಕಳು.

ಅವನು ನಗಲಿಲ್ಲ.

"ಯಾವ ದಿನದ್ದು ಅಂದೆ?"

"ಮುನ್ನೂರನೇ ದಿನದ್ದು!"

ಅವನು ಬಹಳ ಹೊತ್ತು ನೀರನ್ನೇ ನೋಡಿದ. "ಇನ್ನೊಂದು ಸಲ ನೋಡು ಸುಪ್ರಿಯಾ."

"ನೋಡಿದ್ದೀನಲ್ಲ!"

"ಆದ್ರೂ... ಇನ್ನೊಂದು ಸಲ ನೋಡು."

"ಹೊಟ್ಟೆಕಿಚ್ಚಾ ಮಾರಾಯ?" ಎಂದು ಅವಳು ತಮಾಷೆಗೇ ಕೇಳಿದ್ದು. ಅವನ ಮೌನ ಆ ತಮಾಷೆಯನ್ನು ನಿಜ ಮಾಡಿಬಿಟ್ಟಿತು.

ಅಷ್ಟರಲ್ಲಿ ಲಿಂಗಪ್ಪ ಹಿಗ್ಗಿನಲ್ಲಿ ಅಂಗಡಿಗೆ ಬಂದಿದ್ದ ಪರಿಚಯದ ವರದಿಗಾರನ ಮುಂದೆ ಮಗಳ ವಿಷಯ ಹೇಳಿಬಿಟ್ಟಿದ್ದರು. 'ಮಂಗಳನ ಗರ್ಭಕ್ಕೆ ಕಿವಿಗೊಟ್ಟ ಶಿವಮೊಗ್ಗದ ಯುವತಿ. ಕಂಪನಕ್ಕೆ ತಾಯಿ ಹಾಲಮ್ಮನ ಹೆಸರು!' ಫೋಟೋ ಸಮೇತ ಸುದ್ದಿ ಬಂತು. ಲಿಂಗಪ್ಪ ಅದಕ್ಕೆ ಗಾಜಿನ ಕಟ್ಟು ಹಾಕಿಸಿ, ಅಂಗಡಿಯ ಗಲ್ಲಾದ ಮೇಲೆ ಮೊಳೆ ಹೊಡೆದು ತೂಗುಹಾಕಿದರು.

ಪರೀಕ್ಷೆ ಮುಗಿಯುವ ಮೊದಲೇ ಪೇಪರಿಗೆ ಹೋಗಿದ್ದಕ್ಕೆ ವಾದಿರಾಜ ಸರ್ ಕೆಂಡವಾದರು. ಎಲ್ಲರನ್ನೂ ಸೇರಿಸಿ, ಸುಪ್ರಿಯಾಳ ಎದುರಿಗೇ ಕೇಳಿದರು. "ಯುವರಾಜ್, ನೀನು ಬೆರೆಸಿದ್ದು ಯಾವ ದಿನಕ್ಕೆ? ಈಗಲೇ ಹೇಳು."

ಯುವರಾಜ ತಲೆ ತಗ್ಗಿಸಿದ.

"ಮುನ್ನೂರು, ಸರ್."

ಯಾರೋ ಹಿಂದಿನಿಂದ ಕಿಸಕ್ಕೆಂದರು. ಆಮೇಲೆ ರೂಮಿಗೆ ರೂಮೇ ನಕ್ಕಿತು. 'ಇವನಿಗೆ ಗೊತ್ತಿತ್ತು... ಮೆಟ್ಟಿಲ ಮೇಲೆ ಕೂತಾಗಲೇ ಗೊತ್ತಿತ್ತು!' ಸುಪ್ರಿಯಾಳ ಕಿವಿಯಲ್ಲಿ ಆ ನಗು ಇನ್ನೂ ಇದೆ.

ಕೋಟೆಯ ಬೀದಿಯಲ್ಲಿ ಸುದ್ದಿ ಹಬ್ಬಲು ಎಷ್ಟು ಹೊತ್ತು? ಎದುರಂಗಡಿಯ ಪುಟ್ಟಯ್ಯ ಗಿರಾಕಿಗಳ ಮುಂದೆ ಕೂಗಿ ಕೇಳಿದ: "ಏನ್ ಲಿಂಗಪ್ಪಾರೆ, ಹಾಲಮ್ಮೋರು ಮಂಗಳದಿಂದ ಫೋನ್ ಮಾಡಿದ್ರಾ?"

ಅವತ್ತು ಲಿಂಗಪ್ಪ ಕಟ್ಟನ್ನು ಕೆಳಗಿಳಿಸಿದರು. ಮನೆಗೆ ಬಂದು ಮಗಳಿಗೆ ಒಂದೇ ಮಾತು ಹೇಳಿದರು. ಆ ಮಾತನ್ನು ಅವಳು ಯಾರಿಗೂ ಹೇಳಿಲ್ಲ. ಅಂದಿನಿಂದ ಆ ಮನೆಯಲ್ಲಿ ಹಾಲಮ್ಮನ ಹೆಸರನ್ನು ಯಾರೂ ಎತ್ತಲಿಲ್ಲ.

ಸುಪ್ರಿಯಾ ನಿಶ್ಚಿತಾರ್ಥದ ಉಂಗುರ ವಾಪಸು ಕಳಿಸಿದಳು. ಸಂಶೋಧನೆ ಬಿಟ್ಟಳು. ಅವನ ನಂಬರನ್ನು ಬ್ಲಾಕ್ ಮಾಡಿದಳು. ಸವಳಂಗ ರಸ್ತೆಯ ಒಂದು ಪಿಯು ಕಾಲೇಜಿನಲ್ಲಿ ಪಾಠ ಮಾಡುತ್ತಾ, ಒಳಗೊಳಗೇ ಅವನನ್ನು ದ್ವೇಷಿಸುತ್ತಾ ದಿನ ದೂಡಿದಳು.

ಮೊನ್ನೆಯವರೆಗೆ.

"ಓದಿ ಇದನ್ನ," ಎಂದು ಸುಪ್ರಿಯಾ ಈಗ ಫೋನನ್ನು ಅವನ ಮುಖದ ಮುಂದೆ ಹಿಡಿದಳು.

ಹೊರದೇಶದ ತಂಡವೊಂದು ಮಂಗಳನ ಹಳೆಯ ದಾಖಲೆಗಳನ್ನೆಲ್ಲ ಮತ್ತೆ ಜಾಲಾಡಿ, ಮೊದಲು ಯಾರ ಕಣ್ಣಿಗೂ ಬೀಳದ ಕೆಲವು ಕಂಪನಗಳನ್ನು ಹೆಕ್ಕಿ ತೆಗೆದಿತ್ತು. ಅದರಲ್ಲಿ ಒಂದು, ಮುನ್ನೂರನೇ ದಿನದ ಸಂಜೆಯದು.

"ಮೂಲ ದಾಖಲೆಯನ್ನ ನಾನೇ ತೆಗೆದು ನೋಡಿದೆ. ಇದೆ. ಅದೇ ಹಾಲಮ್ಮ, ಅದೇ ಮರುದನಿ! ನೀವು ಬೆರೆಸಿದ್ದು ನಮ್ಮ ಲ್ಯಾಬಿನ ಪ್ರತಿಗೆ. ಹಾಗಿದ್ರೆ ಅದು ಮೂಲದಲ್ಲಿ ಹೇಗೆ ಬಂತು? ಅದು ನಿಜವಾದ ಕಂಪನ ಅಂತ ಗೊತ್ತಿದ್ದೂ ನಾನೇ ಬೆರೆಸಿದ್ದು ಅಂದ್ರಲ್ಲ... ಅಷ್ಟು ಹೊಟ್ಟೆಕಿಚ್ಚಿತ್ತಾ?"

ಯುವರಾಜ ಫೋನನ್ನು ಕೈಗೆ ತೆಗೆದುಕೊಂಡು ಮತ್ತೊಮ್ಮೆ ಓದಿದ. "ಸಾಧ್ಯನೇ ಇಲ್ಲ. ನಾನು ಬೆರೆಸಿದ್ದೀನಿ ಸುಪ್ರಿಯಾ. ನನ್ನ ಕೈಯಾರೆ... ಲ್ಯಾಬಿನ ಪ್ರತಿ ಇದ್ದ ನಿನ್ನ ಹಳೇ ಲ್ಯಾಪ್‌ಟಾಪ್?"

"ತಂದಿದ್ದೀನಿ. ನಿಮ್ಮ ಎದುರಿಗೇ ತೋರಿಸ್ಬೇಕು ಅಂತಾನೇ ತಂದಿದ್ದೀನಿ!"

"ಮನೆಗೆ ಬಾ."

ವೈರುಗಳನ್ನು ಅಲ್ಲೇ ಬಿಟ್ಟು ಅವನು ಹೊರಟ. ಶಿವಯೋಗಪ್ಪ ಹಿಂದಿನಿಂದ ಕೂಗಿದರು. "ರೀ, ನನ್ನ ನೀರಿನ ಕಥೆ ಏನ್ರೀ?"

ಹುಚ್ಚಮ್ಮಜ್ಜಿ ಬಾಗಿಲಲ್ಲೇ ಸುಪ್ರಿಯಾಳನ್ನು ಮೇಲಿನಿಂದ ಕೆಳಗೆ ನೋಡಿದಳು.

"ಈಗ ನೆನಪಾಯ್ತೇನೇ ತಾಯಿ? ಒಳಗೆ ಬಾ. ಬಡವಾಗಿದೀಯ."

ಬೈಯುತ್ತಾಳೆ ಎಂದುಕೊಂಡಿದ್ದವಳಿಗೆ ಒಂದು ಲೋಟ ಮಜ್ಜಿಗೆ ಸಿಕ್ಕಿತು. ಅದನ್ನು ಕುಡಿಯುವುದೂ ಸುಪ್ರಿಯಾಳಿಗೆ ಕಷ್ಟವಾಯಿತು. ಜಗಳಕ್ಕೆ ಬಂದ ಮನೆಯಲ್ಲಿ ಉಪ್ಪು ತಿನ್ನುವುದು ಹೇಗೆ?

ಇಬ್ಬರೂ ನಡುಮನೆಯ ಮೇಜಿನ ಮುಂದೆ ಕೂತರು. ಒಂದು ಕಡೆ ಮೂಲ ದಾಖಲೆ, ಇನ್ನೊಂದು ಕಡೆ ನಾಲ್ಕು ವರ್ಷದ ಹಿಂದಿನ ಲ್ಯಾಬಿನ ಪ್ರತಿ. ಎರಡರಲ್ಲೂ ಮುನ್ನೂರನೇ ದಿನ.

ಎರಡೂ ಒಂದೇ! ಒಂದು ಗೀಟೂ ವ್ಯತ್ಯಾಸವಿಲ್ಲ. ಅದಕ್ಕೆ ಯಾರೂ ಏನನ್ನೂ ಬೆರೆಸಿರಲೇ ಇಲ್ಲ.

"ಈಗೇನಂತೀರಿ?"

ಯುವರಾಜ ಬೆವರೊರೆಸಿಕೊಂಡು ಮತ್ತೆ ಮತ್ತೆ ನೋಡಿದ.

"ಹಾಗಾದ್ರೆ... ನಾನು ಹಾಕಿದ್ದು ಎಲ್ಲಿ ಹೋಯ್ತು?"

'ನಾಟಕ!' ಎಂದುಕೊಂಡಳು ಸುಪ್ರಿಯಾ. ಆದರೆ ಅವನ ಕಣ್ಣು ನಾಟಕದ ಕಣ್ಣಾಗಿರಲಿಲ್ಲ. ಪರೀಕ್ಷೆಯಲ್ಲಿ ಬರೆದ ಉತ್ತರವೇ ಮಾಯವಾದ ಹುಡುಗನ ಹಾಗೆ ಗಾಬರಿಯಾಗಿದ್ದ.

ಹಿತ್ತಲಿನಲ್ಲಿ ಪಕ್ಕದ ಮನೆಯ ಸೆಲ್ವಿ ಗೋಡೆಯಾಚೆಯಿಂದ ಅಜ್ಜಿಯನ್ನು ಕೇಳುತ್ತಿದ್ದಳು. "ಅಜ್ಜೀ, ಪಾಪುಗೆ ಹನ್ನೊಂದು ದಿನ ಯಾವಾಗ ಆಗ್ತದೆ? ಬುಧವಾರದಿಂದ ಲೆಕ್ಕ ಹಾಕ್ಲಾ?"

"ಬುಧವಾರದಿಂದ ಯಾಕೆ? ಮಂಗಳವಾರ ತಾನೇ ಹುಟ್ಟಿದ್ದು? ಹುಟ್ಟಿದ ದಿನವೇ ಒಂದು ಕಣೇ. ಬುಧವಾರ ಎರಡು, ಗುರುವಾರ ಮೂರು... ಬರೋ ಶುಕ್ರವಾರಕ್ಕೆ ಹನ್ನೊಂದು."

ಯುವರಾಜನ ಕೈ ಗಾಳಿಯಲ್ಲೇ ನಿಂತಿತು.

"ಅಯ್ಯೋ..." ಎಂದ.

"ಏನು?"

"ಹಿಂದಿನ ದಿನ ತೆಗಿ. ಇನ್ನೂರ ತೊಂಬತ್ತೊಂಬತ್ತು."

ತೆಗೆದಳು. ಮೂಲ ದಾಖಲೆಯಲ್ಲಿ ಆ ಸಂಜೆ ಏನೂ ಇರಲಿಲ್ಲ, ಬರೀ ಮೌನ. ಲ್ಯಾಬಿನ ಪ್ರತಿಯಲ್ಲಿ ಅಚ್ಚುಕಟ್ಟಾದ ಒಂದು ಕಂಪನ! ಹೇಳಿ ಮಾಡಿಸಿದಂತೆ ಮರುದನಿ ಬೇರೆ. ಕಳ್ಳ ಕಂಪನ ನಾಲ್ಕು ವರ್ಷದಿಂದ ಅಲ್ಲೇ ಕೂತಿತ್ತು.

"ಸಾಲಿನಲ್ಲಿ ಮೊದಲ ದಾಖಲೆ ಯಂತ್ರ ಇಳಿದ ದಿನದ್ದು," ಎಂದ ಯುವರಾಜ. "ಇಳಿದ ದಿನಕ್ಕೆ ಯಂತ್ರ ಕಳಿಸಿದವರು ಸೊನ್ನೆ ಅಂತ ಇಟ್ಟಿದ್ದಾರೆ. ನಾನು ಫೈಲಿನ ಹೆಸರು ನೋಡ್ಲಿಲ್ಲ. ಇಳಿದ ದಿನವೇ ಒಂದು ಅಂತ ಎಣಿಸಿ, ಮುನ್ನೂರನೇದಕ್ಕೆ ಬೆರೆಸಿದೆ. ಅದು ನಿಜವಾಗಿ ಇನ್ನೂರ ತೊಂಬತ್ತೊಂಬತ್ತು."

"ಸೊನ್ನೆಯಿಂದ ಶುರು ಅಂತ ನಿಮಗೆ ಗೊತ್ತಿರಲಿಲ್ವಾ? ಮೊದಲ ವರ್ಷದ ಹುಡುಗರಿಗೂ ಗೊತ್ತು!"

"ಗೊತ್ತಿತ್ತು. ಆದ್ರೆ ಅವತ್ತು..." ಅವನು ತಲೆ ಎತ್ತಲಿಲ್ಲ. "ಅವತ್ತು ಬೆಳಗ್ಗೆ ಅತ್ತೆಯ ಆರಾಧನೆ ಕಾರ್ಡಿಗೆ ಪ್ರೆಸ್ಸಿಗೆ ಹೋಗಿದ್ದೆ. ಅತ್ತೆ ತೀರಿಕೊಂಡ ದಿನ ಬಿಟ್ಟು ಎಣಿಸಿ, ತಪ್ಪು ತಾರೀಕು ಕೊಟ್ಟಿದ್ದೆ. ಅಜ್ಜಿ ಫೋನಲ್ಲಿ ಉಗಿದಳು. 'ಹೋದ ದಿನವೇ ಒಂದು ಕಣೋ, ಅಷ್ಟೂ ಗೊತ್ತಾಗಲ್ವಾ' ಅಂತ. ಬೆರಳು ಮಡಚಿ ಮಡಚಿ ಮತ್ತೆ ಎಣಿಸಿದೆ. ಅಲ್ಲಿಂದ ನೇರ ಲ್ಯಾಬಿಗೆ ಹೋಗಿ ಇದನ್ನ ಮಾಡಿದ್ದು. ತಲೆಯಲ್ಲಿ ಅದೇ ಲೆಕ್ಕ ಕೂತಿತ್ತು."

ಅಮ್ಮನ ಸಾವಿನ ದಿನಗಳನ್ನು ಎಣಿಸಿದ ಬೆರಳೇ ಮಂಗಳನ ದಿನಗಳನ್ನೂ ಎಣಿಸಿತ್ತು! ಕಳ್ಳ ಕಂಪನ ಅವನದೇ ಪಾಲಿನ ಕೊನೆಯ ದಿನಕ್ಕೆ ಹೋಗಿ ಬಿದ್ದಿತ್ತು. ಆ ಪಾಲನ್ನು ಯಾರೂ ಓದಲಿಲ್ಲ. ಮರುದಿನ ಮಂಗಳನೇ ನಿಜವಾಗಿ ನಡುಗಿತ್ತು.

ಅವನು ಸುಳ್ಳು ಹೇಳಿರಲಿಲ್ಲ.

ಸಮಾಧಾನವಾಗಬೇಕಿತ್ತಲ್ಲವೇ? ಆಗಲಿಲ್ಲ. ಎದೆಯೊಳಗೆ ಇನ್ನಷ್ಟು ಉರಿಯಿತು. ಇಷ್ಟು ದಿನ ದ್ವೇಷಿಸಲು ಒಬ್ಬನಾದರೂ ಇದ್ದ. ಈಗ ಅವನೂ ಇಲ್ಲ.

"ಮೂಲ ದಾಖಲೆ ಎಲ್ಲರಿಗೂ ಸಿಗ್ತಿತ್ತು," ಎಂದಳು, ಹಲ್ಲು ಕಚ್ಚಿ. "ಒಂದೇ ಒಂದು ಸಲ ಪಕ್ಕಪಕ್ಕ ಇಟ್ಟು ನೋಡಿದ್ರೆ ಸಾಕಿತ್ತು. ನೀನು ಯಾಕೆ ನೋಡ್ಲಿಲ್ಲ?"

ಬಹುವಚನ ಯಾವಾಗ ಜಾರಿತೋ ಅವಳಿಗೆ ಗೊತ್ತಾಗಲಿಲ್ಲ. ಅವನಿಗೆ ಗೊತ್ತಾಯಿತು.

"ನೀನು ಮುನ್ನೂರು ಅಂದೆ. ನನ್ನ ತಲೆಯಲ್ಲೂ ಮುನ್ನೂರೇ ಇತ್ತು. ನೋಡೋದೇನಿದೆ ಅಂದ್ಕೊಂಡೆ. ಇನ್ನೊಂದು ಸಲ ನೋಡು ಅಂತ ನಿನಗೆ ಹೇಳಿದೆನಲ್ಲ, ಆ ಮಾತನ್ನ ನಾನೇ ಕೇಳಿಸ್ಕೊಳ್ಲಿಲ್ಲ."

"ನಾನೂ ನೋಡಲಿಲ್ಲ. ನಾಚಿಕೆಯಿಂದ ಆ ಫೋಲ್ಡರನ್ನ ಮತ್ತೆ ಮುಟ್ಟಲೇ ಇಲ್ಲ." ಅವಳ ಕಣ್ಣು ತುಂಬಿತು. "ವಾದಿರಾಜ ಸರ್ರೂ ನೋಡಲಿಲ್ಲ. ಅಷ್ಟು ಜನ ನಕ್ಕರಲ್ಲ, ಅವರಲ್ಲಿ ಒಬ್ಬರೂ ನೋಡಲಿಲ್ಲ. ಈಗ ಯಾರೋ ನೋಡಿದ್ರು. ಅದಕ್ಕೊಂದು ನಂಬರ್ ಕೊಟ್ಟಿದ್ದಾರೆ. ನನ್ನಮ್ಮ ಈಗ ಬರೀ ಒಂದು ನಂಬರ್ ಕಣೋ!"

ಯುವರಾಜ ಎದ್ದು ಕಿಟಕಿಯ ಹತ್ತಿರ ಹೋದ.

"ಒಂದು ವಿಷಯ ನೀನು ಯಾವತ್ತೂ ಕೇಳ್ಲಿಲ್ಲ. ಬೆರೆಸೋಕೆ ಅಷ್ಟೊಂದು ದಿನ ಇದ್ವು. ಮುನ್ನೂರೇ ಯಾಕೆ ಆರಿಸ್ಕೊಂಡೆ ಅಂತ."

"ಯಾಕೆ?"

"ಅದು ನಿನ್ನ ಪಾಲಿನ ಮೊದಲ ದಿನ. ಅತ್ತೆ ಹೋದಾಗಿಂದ ನೀನು ಸರಿಯಾಗಿ ಊಟನೂ ಮಾಡ್ತಿರ್ಲಿಲ್ಲ. ಕೂತ ತಕ್ಷಣ ಏನಾದ್ರೂ ಸಿಕ್ರೆ ಒಂದು ಸಲ ನಗ್ತೀಯೇನೋ ಅಂತ... ಕಳ್ಳ ಕಂಪನ ಆದ್ರೂ ಮೊದಲು ಹಿಡಿದವಳು ನೀನೇ ಅಂತ ಸರ್ ಹೊಗಳ್ತಾರೆ ಅಂತ. ಅಷ್ಟೇ ಇದ್ದಿದ್ದು ನನ್ನ ಮನಸ್ಸಲ್ಲಿ." ಅವನು ಮುಖ ಒರೆಸಿಕೊಂಡ. "ನಿನ್ನ ನಗಿಸೋಕೆ ಹೋಗಿ ಊರನ್ನೇ ನಗಿಸ್ಬಿಟ್ಟೆ. ಆಮೇಲೆ ನನಗೂ ಆ ರೂಮಿಗೆ ಕಾಲಿಡೋಕಾಗ್ಲಿಲ್ಲ."

ಸುಪ್ರಿಯಾ ಮೇಜಿನ ಮೇಲೆ ತಲೆಯಿಟ್ಟು ಅತ್ತಳು. ನಾಲ್ಕು ವರ್ಷದಲ್ಲಿ ಹೀಗೆ ಸದ್ದು ಮಾಡಿ ಅತ್ತಿರಲಿಲ್ಲ. ಅವನು ಹತ್ತಿರ ಬಂದ. ಮುಟ್ಟಲಿಲ್ಲ. ಮುಟ್ಟುವ ಹಕ್ಕು ತನಗಿಲ್ಲವೆಂದು ಅವನಿಗೆ ಗೊತ್ತಿತ್ತು.

"ವಾದಿರಾಜ ಸರ್‌ಗೆ ಬರೀತೀನಿ. ಆ ಪೇಪರಿನವರಿಗೂ ಹೇಳ್ತೀನಿ."

"ಪೇಪರ್ ಬೇಡ." ಅವಳು ಕಣ್ಣೊರೆಸಿಕೊಂಡಳು. "ಅಪ್ಪನಿಗೆ ಹೇಳು. ಅಂಗಡಿಯಲ್ಲಿ. ನಾಲ್ಕು ಜನ ಇರುವಾಗ."

ಅವತ್ತೇ ಸಂಜೆ, ಕೋಟೆಯ ಬೀದಿ ಗಿರಾಕಿಗಳಿಂದ ತುಂಬಿತ್ತು. ಲಿಂಗಪ್ಪ ಒಂದು ತಾಮ್ರದ ಕೊಡ ಬಡಿದು ಯಾರಿಗೋ ಸದ್ದು ಕೇಳಿಸುತ್ತಿದ್ದರು. ಮಗಳ ಹಿಂದೆ ಬಂದವನನ್ನು ಕಂಡದ್ದೇ ಬೆರಳು ನಿಂತಿತು.

"ಇವನನ್ನ ಯಾಕೆ ಕರ್ಕೊಂಡ್ ಬಂದೆ?"

"ಅವನೇನೋ ಹೇಳಬೇಕಂತೆ ಅಪ್ಪ. ಕೇಳು."

ಗಲ್ಲಾದ ಮೇಲೆ ಆ ಮೊಳೆ ಹಾಗೇ ಇತ್ತು. ಯುವರಾಜ ಅದನ್ನು ನೋಡಿದ. ಆಮೇಲೆ ಎದುರಂಗಡಿಯ ಪುಟ್ಟಯ್ಯನಿಗೂ ಕೇಳುವಷ್ಟು ಜೋರಾಗಿ ಹೇಳಿದ.

"ಮಾವ, ಸುಪ್ರಿಯಾ ಕಂಡುಹಿಡಿದಿದ್ದು ನಿಜವಾದ ಕಂಪನ. ಅದನ್ನ ನಾನು ನಕಲಿ ಅಂದೆ. ನನ್ನ ಎಣಿಕೆ ತಪ್ಪಾಗಿತ್ತು. ಪ್ರಪಂಚದಲ್ಲಿ ಎಲ್ಲರಿಗಿಂತ ಮೊದಲು ಅದನ್ನ ನೋಡಿದ್ದು ನಿಮ್ಮ ಮಗಳು. ತಪ್ಪು ನಂದು. ಪೂರ್ತಿ ನಂದು."

ಗಿರಾಕಿಗಳು ಮುಖ ಮುಖ ನೋಡಿಕೊಂಡರು. ಪುಟ್ಟಯ್ಯ ಎದ್ದು ಬಂದು ಅಂಗಡಿಯ ಮೆಟ್ಟಿಲ ಹತ್ತಿರ ನಿಂತ. ಇವತ್ತು ಅವನ ಬಾಯಲ್ಲಿ ತಮಾಷೆ ಹೊರಡಲಿಲ್ಲ.

ಲಿಂಗಪ್ಪ ಕೈಯಲ್ಲಿದ್ದ ಕೊಡವನ್ನೊಮ್ಮೆ, ಮಗಳನ್ನೊಮ್ಮೆ ನೋಡಿದರು. ಕೊನೆಗೆ ಮೆಲ್ಲಗೆ ಕೇಳಿದರು.

"ಹಾಲಮ್ಮ... ನಿಜವಾ?"

ನಾಲ್ಕು ವರ್ಷದ ಮೇಲೆ ಆ ಹೆಸರು ಅವರ ಬಾಯಲ್ಲಿ ಬಂದಿತ್ತು.

"ನಿಜ ಅಪ್ಪ," ಎಂದಳು ಸುಪ್ರಿಯಾ.

ಅವರು ಕೊಡವನ್ನು ಕೆಳಗಿಟ್ಟರು. ಯುವರಾಜನ ಕಡೆ ನೋಡಲೂ ಇಲ್ಲ. "ಎಣಿಕೆ ಎಲ್ಲರದ್ದೂ ತಪ್ಪುತ್ತಪ್ಪ. ನಾನೇನು ಮಾಡಿದೆ ಗೊತ್ತಾ? ಊರು ನಕ್ಕಿತು ಅಂತ ನನ್ನ ಮಗಳನ್ನ ನಿಲ್ಲಿಸಿ, 'ಸತ್ತವಳ ಹೆಸರನ್ನೂ ಬಿಡಲಿಲ್ಲವಲ್ಲ ನೀನು' ಅಂದೆ."

ಯುವರಾಜ ಬೆಚ್ಚಿ ಸುಪ್ರಿಯಾಳತ್ತ ತಿರುಗಿದ. ಅವಳು ಯಾರಿಗೂ ಹೇಳದ ಮಾತು ಅದು. ಇಷ್ಟು ದಿನ ಅವಳು ಹೊತ್ತು ತಿರುಗಿದ್ದು ಊರಿನ ನಗುವನ್ನಲ್ಲ, ಈ ಒಂದು ಮಾತನ್ನು.

"ಆ ಮಾತು ವಾಪಸ್ ತಗೋತೀನಿ ಮಗಳೇ..." ಲಿಂಗಪ್ಪ ಮಗಳ ಕೈ ಹಿಡಿದುಕೊಂಡರು. "ತಗೊಳ್ಳೋಕೆ ಬರುತ್ತೋ ಇಲ್ವೋ ಗೊತ್ತಿಲ್ಲ. ಆದ್ರೂ ತಗೋತೀನಿ."

ಗಿರಾಕಿಗಳ ಎದುರಿಗೇ ಅವಳು ಅಪ್ಪನನ್ನು ತಬ್ಬಿಕೊಂಡಳು. ಹಿತವಾಯಿತೇ? ಆಯಿತು. ನೋವು ಹೋಯಿತೇ? ಇಲ್ಲ. ಎರಡೂ ಒಟ್ಟಿಗೇ ಇದ್ದವು.

ಆಮೇಲೆ ಇಬ್ಬರೂ ಕೋಟೆಯ ಹಿಂದೆ, ತುಂಗೆಯ ಅದೇ ಮೆಟ್ಟಿಲ ಮೇಲೆ ಕೂತರು. ನಡುವೆ ಇನ್ನೊಬ್ಬರು ಕೂರುವಷ್ಟು ಜಾಗ ಬಿಟ್ಟಿದ್ದಳು ಸುಪ್ರಿಯಾ. ಗಾಳಿ ಬಿದ್ದು ನೀರು ಸುಮ್ಮನಿತ್ತು.

"ಉಂಗುರ ಅಜ್ಜಿಯ ಟ್ರಂಕಲ್ಲಿದೆ," ಎಂದ ಯುವರಾಜ. "ಅವಳು ಅದನ್ನ ಮಾರೋಕೂ ಬಿಡ್ಲಿಲ್ಲ, ನಾನು ಬೇರೆ ಮದುವೆಗೆ ಒಪ್ಪದಿದ್ದಾಗ ಬೈಯಲೂ ಇಲ್ಲ."

"ನೀನು ಒಪ್ಪಲಿಲ್ವಾ?"

"ನೀನು?"

ಅವಳು ಇಲ್ಲವೆಂದು ತಲೆಯಾಡಿಸಿದಳು.

"ನಾನು ನಿನ್ನ ಪ್ರೀತಿಸೋದನ್ನ ನಿಲ್ಲಿಸಲೇ ಇಲ್ಲ ಸುಪ್ರಿಯಾ. ನಿನಗೆ ಗೊತ್ತಿರಲಿ ಅಂತ ಹೇಳ್ದೆ. ಉತ್ತರ ಬೇಡ."

"ಉತ್ತರ ಇದೆ." ಅವಳು ನೀರನ್ನೇ ನೋಡುತ್ತಾ ಹೇಳಿದಳು. "ನಾನೂ ನಿಲ್ಲಿಸಲಿಲ್ಲ. ಅದಕ್ಕೇ ಅಷ್ಟೊಂದು ಸಿಟ್ಟು. ಆದ್ರೆ ನಾಲ್ಕು ವರ್ಷ ಹೋಯ್ತು ಯುವಿ. ಅದನ್ನ ಯಾರು ವಾಪಸ್ ಕೊಡ್ತಾರೆ?"

"ಯಾರೂ ಕೊಡಲ್ಲ."

ಅವನು ಸಮಾಧಾನದ ಸುಳ್ಳು ಹೇಳಲಿಲ್ಲ. ಅದಕ್ಕೇ ಅವಳು ನಡುವಿನ ಜಾಗವನ್ನು ದಾಟಿ ಅವನ ಪಕ್ಕಕ್ಕೆ ಸರಿದು ಕೂತಳು. ಅವನ ಅಂಗೈ ಸುತ್ತಿಗೆ ಹಿಡಿದು ಹಿಡಿದು ಗಡುಸಾಗಿತ್ತು. ಅದರ ಮೇಲೆ ತನ್ನ ಕೈ ಇಟ್ಟಳು.

"ಇನ್ನೊಂದು ಸಲ ನೋಡೋಣವಾ?" ಎಂದು ಕೇಳಿದ ಅವನು.

"ನೋಡೋಣ."

"ಹಾಗಾದ್ರೆ... ಇವತ್ತಿಗೆ ಒಂದನೇ ದಿನ?"

ಅವಳು ಅವನ ಬೆರಳುಗಳನ್ನು ಒಂದೊಂದಾಗಿ ಮಡಚಿ ಮುಷ್ಟಿ ಮಾಡಿದಳು. ಕಣ್ಣಲ್ಲಿ ನೀರಿತ್ತು, ತುಟಿಯಲ್ಲಿ ಸಣ್ಣ ನಗುವೂ ಇತ್ತು.

"ನೀನು ಮಾತ್ರ ಇನ್ಮೇಲೆ ದಿನ ಎಣಿಸಬೇಡ ಮಾರಾಯ. ಇವತ್ತು ಸೊನ್ನೆ. ಇವತ್ತು ಬರೀ ಇಳಿದಿದ್ದೀವಿ, ಅಷ್ಟೇ."

"ಒಂದು ಯಾವಾಗ?"

"ನಾಳೆ ಬಾ. ಅಜ್ಜಿನೂ ಕರ್ಕೊಂಡು ಬಾ."